ಒಡಪಿನ ಕೀಲಿಕೈ

ಗಿರಿಜಾ ಯಾರಿಗೂ ಏನನ್ನೂ ಹೇಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಹುಲಿಗೆಮ್ಮ ನನ್ನ ಮುಖ ನೋಡಿ ಕೇಳಿದಾಗ, ನಾನು ಬೇರೆಯೇ ಮಾತು ಆಡಿದೆ — ಆ ಒಂದು ಮಾತಿನಿಂದ ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಹೆಣ್ಣುಮಕ್ಕಳು ಇವತ್ತಿನವರೆಗೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ತಪ್ಪು ನನ್ನದು, ನಾನು ರೂಪಿಸಿದ ಆ್ಯಪಿನದು. ಒಪ್ಪಿಕೊಳ್ಳಲು ನಾಚಿಕೆಯಾಯಿತು. ನಾಚಿಕೆ ಅಂದರೆ — ಇಲ್ಲ, ನಾಚಿಕೆಯೂ ಅಲ್ಲ. ಹೆಸರು ಕೆಡುತ್ತದೆ ಅನ್ನುವ ಹೆದರಿಕೆ.

ಅವರಿಬ್ಬರ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಊರಿನ ಹೆಸರು ಬದಲಿಸಿಲ್ಲ. ಪಾಪಿನಾಯಕನಹಳ್ಳಿಯಲ್ಲಿ ಹುಲಿಗೆಮ್ಮ ಅಂತ ಕೂಗಿದರೆ ಓಣಿಯ ಎರಡೂ ಬದಿಯಿಂದ ‘ಏನ್ರಿ’ ಅಂತ ಬರುತ್ತಾರೆ, ಹುಡುಕಿಕೊಂಡು ಹೋಗಬೇಡಿ. ಈ ಹುಲಿಗೆಮ್ಮನ ಗುಟ್ಟು ಏನಾಗಿತ್ತು ಅನ್ನುವುದನ್ನೂ ಪೂರ್ತಿ ಬರೆಯುವುದಿಲ್ಲ. ಒಮ್ಮೆ ಅದು ನನ್ನ ದೆಸೆಯಿಂದ ಹೊರಗೆ ಬಿದ್ದದ್ದು ಸಾಕು.

ನನ್ನ ಕೆಲಸ ಏನೆಂದು ನಮ್ಮ ಅವ್ವನಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ‘ನಮ್ಮ ಸುಜಾತಂದು ಫೋನಿನಾಗ ಗುಂಡಿ ಎಲ್ಲಿರಬೇಕು ಅಂತ ಹೇಳೋ ಕೆಲಸ’ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಅದೇನು ಸುಳ್ಳಲ್ಲ. ಜನ ಫೋನನ್ನು ಕೈಗೆತ್ತಿಕೊಂಡಾಗ ಎಲ್ಲಿ ಗಾಬರಿಯಾಗುತ್ತಾರೆ, ಎಲ್ಲಿ ನಂಬುತ್ತಾರೆ, ಯಾವ ಮಾತು ಓದಿ ಹಿಂದೆ ಸರಿಯುತ್ತಾರೆ — ಇದನ್ನು ನೋಡಿ ನೋಡಿ ಪರದೆಯನ್ನು ತಿದ್ದುವುದೇ ನನ್ನ ಕೆಲಸ. ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರ, ಒಗ್ಗರಣಿ-ಮಿರ್ಚಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವೊಂದು ನಾಲ್ಕೈದು ಜನ ಕೂತು ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನವಾದರೆ ಎಣ್ಣೆಯ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಗೋಡೆಯ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ: ‘ಬಳಸುವವರು ತಪ್ಪು ಮಾಡುವುದಿಲ್ಲ. ತಪ್ಪು ಮಾಡುವುದು ನಾವು.’ ಬಂದವರೆಲ್ಲ ಅದನ್ನು ಓದಿ ತಲೆಯಾಡಿಸಿ ಹೋಗುತ್ತಿದ್ದರು. ನನಗೂ ಒಳಗೊಳಗೆ ಭಾಳ ಹೆಮ್ಮೆ ಇತ್ತು.

ನಾವು ಮಾಡಿದ ಆ್ಯಪಿನ ಹೆಸರು ‘ಓಣಿ’. ಅದು ಹುಟ್ಟಿದ್ದು ಒಂದು ಸಿಟ್ಟಿನಿಂದ. ಯಶವಂತನಗರದ ಕಡೆ, ಗಣಿಯ ಮಣ್ಣು ಸುರಿದ ಗುಡ್ಡಗಳ ಮೇಲೆ ಗಿಡ ನೆಡುವ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಒಂದು ದೊಡ್ಡ ಕಂಪನಿಯ ಆ್ಯಪಿನಲ್ಲಿ ಗುಂಪು ಮಾಡಿಕೊಂಡಿದ್ದರು. ಹಾಡು, ಹರಟೆ, ಕಷ್ಟಸುಖ, ಎಲ್ಲ ಅದರಲ್ಲೇ. ಒಂದು ದಿನ ಬೆಳಗಾಗುವಷ್ಟರಲ್ಲಿ ಗುಂಪು ಮಾಯವಾಗಿತ್ತು. ಯಾಕೆ ಅಂತ ಕೇಳೋಣವೆಂದರೆ ಯಾರನ್ನು ಕೇಳುವುದು? ತೀರಿಹೋದ ಒಬ್ಬ ಅಜ್ಜಿಯ ಬೀಸುವ ಹಾಡುಗಳೂ ಅದರಲ್ಲೇ ಹೋದವು. ಅದಕ್ಕೇ ನಾವು ಒಡೆಯನಿಲ್ಲದ ಜಾಲ ಕಟ್ಟಲು ಹೊರಟೆವು. ನಡುವೆ ಒಂದು ದೊಡ್ಡ ಯಂತ್ರ ಇಲ್ಲ, ಅದನ್ನು ಕಾಯುವ ಕಂಪನಿ ಇಲ್ಲ. ಒಬ್ಬೊಬ್ಬರ ಫೋನೂ ಒಂದೊಂದು ಮನೆ, ಅದರಲ್ಲಿ ಅವರದೇ ಒಂದು ಕೀಲಿ ಹಾಕಿದ ಪೆಟ್ಟಿಗೆ. ಒಬ್ಬಳು ತನ್ನ ಪೆಟ್ಟಿಗೆಯಲ್ಲಿ ಹೇಳಿಟ್ಟ ಮಾತಿನ ನಕಲು, ಕೀಲಿ ಹಾಕಿಕೊಂಡೇ, ಅಕ್ಕಪಕ್ಕದವರ ಫೋನಿನಲ್ಲೂ ಇರುತ್ತದೆ. ಊರಿಗೆ ಹೋಗುವಾಗ ಬುಟ್ಟಿಯನ್ನು ನೆರೆಮನೆಯಲ್ಲಿ ಇಟ್ಟು ಹೋಗುವುದಿಲ್ಲವೇ, ಹಾಗೆ. ಇಟ್ಟುಕೊಂಡವರಿಗೆ ಅದು ತೆರೆಯುವುದಿಲ್ಲ. ಫೋನು ಕಾಲುವೆಗೆ ಬಿದ್ದರೂ ಮಾತು ಉಳಿಯುತ್ತದೆ.

ಸಂಡೂರಿನ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗುವುದು ಅಷ್ಟಕ್ಕಷ್ಟೆ. ಆದರೆ ‘ಓಣಿ’ಗೆ ಅದೂ ಬೇಕಿರಲಿಲ್ಲ. ಫೋನುಗಳು ಹತ್ತಿರ ಬಂದಾಗ ತಮ್ಮ ತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುತ್ತಿದ್ದವು. ಸಂಜೆ ಕಂಪನಿ ಬಸ್ಸಿನಲ್ಲಿ ನಾನೂ ಅವರ ಜೊತೆ ಬರುತ್ತಿದ್ದೆ. ದಣಿದ ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು ತೂಕಡಿಸುತ್ತಿದ್ದರು. ಕಿಟಕಿಯಾಚೆ ಲಾರಿಗಳು ಎಬ್ಬಿಸಿದ ಕೆಂಪು ಧೂಳಿನಲ್ಲಿ ಬೆಳಕು ನಿಧಾನವಾಗಿ ಇಳಿಯುತ್ತಿತ್ತು. ಮಡಿಲಲ್ಲಿ, ಬುತ್ತಿಚೀಲದಲ್ಲಿ, ಕುಪ್ಪಸದೊಳಗಿನ ಚಿಕ್ಕ ಪರ್ಸಿನ ಜೊತೆ ಫೋನುಗಳು — ಯಾರಿಗೂ ಕಾಣದ ಹಾಗೆ ಒಬ್ಬಳ ಮಾತು ಇನ್ನೊಬ್ಬಳ ಮಡಿಲಿಗೆ ಹೋಗುತ್ತಿದೆ, ಅವಳ ನಿದ್ದೆಯಲ್ಲೇ ಹೋಗುತ್ತಿದೆ ಎಂದು ನೆನೆದು ನನಗೂ ಕಣ್ಣು ಭಾರವಾಗುತ್ತಿತ್ತು. ಅಷ್ಟು ಸುಖವಾದ ಸಂಜೆಗಳು ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ.

ತೊಡಕಿದ್ದದ್ದು ಕೀಲಿಕೈಯಲ್ಲಿ. ಒಡೆಯನಿಲ್ಲದ ಜಾಲದಲ್ಲಿ ಪಾಸ್‌ವರ್ಡ್ ಮರೆತರೆ ಕೇಳಲು ಕಚೇರಿ ಇಲ್ಲ. ಅದಕ್ಕೇ ಇಂಥ ಆ್ಯಪುಗಳಲ್ಲಿ ಸಂಬಂಧವೇ ಇಲ್ಲದ ಹತ್ತು-ಹನ್ನೆರಡು ಪದಗಳನ್ನು ಕೊಟ್ಟು ಜೋಪಾನ ಮಾಡಿ ಅನ್ನುತ್ತಾರೆ. ನಾವೂ ಕೊಟ್ಟೆವು: ಹವಳ, ಕುದುರೆ, ಏಣಿ, ಮಜ್ಜಿಗೆ, ಗಡಿಯಾರ — ಹೀಗೆ. ‘ಇದೇನ್ರಿ ಅಕ್ಕಾ, ಸಂತಿ ಚೀಟಿ ಇದ್ದಂಗೈತಿ’ ಎಂದು ನಕ್ಕರು. ಒಬ್ಬಳು ಅದನ್ನು ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಇನ್ನೊಬ್ಬಳು ಗಂಡನಿಗೆ ಬಾಯಿಪಾಠ ಮಾಡಿಸಿದ್ದಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಆಗ ಆ ಬಸ್ಸಿನಲ್ಲೇ ನನಗೆ ದಾರಿ ಕಂಡಿತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅವತ್ತು ಮೊದಲ ಸಲ ಕೆಲಸಕ್ಕೆ ಬಂದಿದ್ದಳು. ಹಿರಿಯರು ಅವಳನ್ನು ಸೀಟಿನಲ್ಲಿ ಕೂರಲು ಬಿಡಲಿಲ್ಲ. ‘ಮೊದಲ ಒಡಪು ಹೇಳವಾ, ಆಮ್ಯಾಲ ಕುಂದ್ರು’ ಅಂದರು. ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳಬಾರದು. ಪ್ರಾಸ ಕಟ್ಟಿ, ಸಾಲಿನೊಳಗೆ ಬಚ್ಚಿಟ್ಟು ಹೇಳಿದರೆ ತಪ್ಪಿಲ್ಲ. ಹುಡುಗಿ ಕಂಬ ಹಿಡಿದು, ತಲೆ ತಗ್ಗಿಸಿ ಏನೋ ಒಂದು ಹೇಳಿದಳು. ಆಮೇಲೆ ಸಾಲಾಗಿ ಎಲ್ಲರೂ ತಮ್ಮ ತಮ್ಮದು ಹೇಳತೊಡಗಿದರು. ಹುಲಿಗೆಮ್ಮನ ಸರದಿ ಬಂದಾಗ ಅವಳು ಕಿಟಕಿಯಾಚೆ ನೋಡುತ್ತಲೇ, ಹಾಡಿನ ಹಾಗೆ ಎಳೆದು ಹೇಳಿದಳು:

ಕಾಲುವಿ ನೀರಾಗ ಕಮಲದ ನೆರಳ,
ಈರಣ್ಣನ ಕೈಯಾಗ ನನ್ನ ಕಿರುಬೆರಳ.

ಬಸ್ಸಿಗೆ ಬಸ್ಸೇ ಹೋ ಅಂದಿತು. ಪಕ್ಕದಲ್ಲಿ ಕೂತಿದ್ದ ಗಿರಿಜಾ — ಹುಲಿಗೆಮ್ಮನ ನೆಗೆಣ್ಣಿ, ಈರಣ್ಣನ ಅಣ್ಣನ ಹೆಂಡತಿ — ಅವಳ ಕಿರುಬೆರಳು ಹಿಡಿದೆಳೆದು ‘ಬರೇ ಬೆರಳೇನ?’ ಎಂದು ಛೇಡಿಸಿದಳು. ಇಬ್ಬರೂ ನಕ್ಕು ನಕ್ಕು ಒಬ್ಬರ ಮೇಲೆ ಒಬ್ಬರು ಬಿದ್ದರು. ಎಷ್ಟೋ ವರ್ಷವಾಗಿದ್ದರೂ ಒಂದು ಅಕ್ಷರವನ್ನೂ ಮರೆಯದ ಸಾಲು ಇದು ಎಂದು ನನಗೆ ಹೊಳೆದದ್ದು ಆಗಲೇ. ಬರೆದಿಡಬೇಕಿಲ್ಲ, ಓದಬೇಕಿಲ್ಲ. ಬಾಯಿಂದ ಹೇಳಿದರೆ ಸಾಕು, ಆ್ಯಪು ಪದಗಳನ್ನು ಗುರುತು ಹಿಡಿದು ಪೆಟ್ಟಿಗೆ ತೆರೆಯುತ್ತದೆ. ಫೋನು ಕಳೆದರೆ ನೆರೆಯವಳ ಫೋನಿನಲ್ಲಿ ಹೇಳಿದರೂ ತೆರೆಯುತ್ತದೆ. ಬಳಸುವವರ ಬದುಕಿನೊಳಗಿಂದಲೇ ಬಂದ ಕೀಲಿಕೈ! ನನಗೆ ರೆಕ್ಕೆ ಬಂದಂತಾಯಿತು.

ಕೋಡ್ ಬರೆಯುತ್ತಿದ್ದವನು ಸಂಡೂರಿನ ಮಹಬೂಬ. ಮಾತು ಕಡಿಮೆ. ಅವನು ಕೇಳಿದ್ದು ಒಂದೇ. ‘ಅಕ್ಕಾ, ಒಡಪು ಅಂದ್ರ ಮದಿವ್ಯಾಗ ಮೈಕಿನಾಗ ಹೇಳೋದು. ಅದು ಊರಿಗೆಲ್ಲ ಗೊತ್ತಿರತೈತಿ. ಮಿಷನ್ ಪದ ಅಷ್ಟ ಕೇಳತೈತಿ, ದನಿ ಯಾರದು ಅಂತ ನೋಡಂಗಿಲ್ಲ.’

ನಾನು ತಕ್ಷಣ ಒಂದು ಸಾಲು ಸೇರಿಸಿದೆ: ‘ಯಾರ ಮುಂದೆಯೂ ಹೇಳಿರದ ಹೊಸ ಒಡಪು ಕಟ್ಟಿ ಹೇಳಿ.’ ಅಷ್ಟಕ್ಕೆ ಬಿಟ್ಟಿದ್ದರೆ — ಆದರೆ ಬಿಡಲಿಲ್ಲ. ಪರೀಕ್ಷೆ ಮಾಡಲು ಕೊಟ್ಟಾಗ ಹೆಂಗಸರು ಆ ಸಾಲಿನಲ್ಲಿ ಬಂದು ನಿಂತುಬಿಡುತ್ತಿದ್ದರು. ಹೊಸದು ಹೊಳೆಯದು. ನಾಚುವರು, ನಗುವರು, ‘ನಾಳಿ ಹೇಳ್ತೀವ್ರಿ’ ಎಂದು ಫೋನು ಕೆಳಗಿಡುವರು. ನಾಳೆ ಬರುತ್ತಿರಲಿಲ್ಲ. ಜನ ಎಲ್ಲಿ ನಿಲ್ಲುತ್ತಾರೋ ಅಲ್ಲಿರುವ ಕಲ್ಲನ್ನು ಎತ್ತಿಹಾಕು ಅನ್ನುವುದು ನಮ್ಮ ಕಸುಬಿನ ಪಾಠ. ನಾನು ಆ ಸಾಲನ್ನು ಅಳಿಸಿದೆ. ‘ನಿಮ್ಮ ಒಡಪು ಹೇಳಿ’ ಅಂತಷ್ಟೇ ಉಳಿಸಿದೆ. ಮಹಬೂಬ ನನ್ನ ಮುಖ ನೋಡಿದ. ‘ಆಮ್ಯಾಲ ನೋಡೋಣ ಬಿಡು’ ಅಂದೆ. ಅದು ಕಲ್ಲಲ್ಲ, ಅಲ್ಲಿ ಇರಲೇಬೇಕಾದ ಹೊಸ್ತಿಲು ಅನ್ನುವುದು ನನಗೆ ತಿಳಿಯದೇ ಇರಲಿಲ್ಲ.

ವಾರದೊಳಗೆ ಎಲ್ಲರ ಫೋನಿನಲ್ಲೂ ‘ಓಣಿ’. ಹುಲಿಗೆಮ್ಮನಷ್ಟು ಪ್ರೀತಿಯಿಂದ ಅದನ್ನು ಬಳಸಿದವರು ಇನ್ನೊಬ್ಬರಿಲ್ಲ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಅಣ್ಣತಮ್ಮಂದಿರ ಸಂಸಾರ, ಮದುವೆಯ ವಯಸ್ಸಿಗೆ ಬಂದ ನಾದಿನಿ. ಒಂದು ಮಾತು ಆಡಲು ಮೂಲೆ ಸಿಗದ ಮನೆ. ಅವಳು ಬಟ್ಟೆ ಒಗೆಯಲು ಕಾಲುವೆಗೆ ಹೋದಾಗ ಫೋನನ್ನು ಕಲ್ಲಿನ ಮೇಲೆ ಇಟ್ಟುಕೊಂಡು ತನ್ನ ಪೆಟ್ಟಿಗೆಯೊಳಗೆ ಮಾತಾಡುತ್ತಿದ್ದಳಂತೆ. ಒಮ್ಮೆ ನನಗೆ ಹೇಳಿದಳು: ‘ಅಕ್ಕಾ, ಗ್ವಾಡಿಗೆ ಹೇಳಿದ್ರ ಗ್ವಾಡಿ ಕೇಳಂಗಿಲ್ಲ. ಮಂದಿಗೆ ಹೇಳಿದ್ರ ಮಂದಿ ಸುಮ್ಕಿರಂಗಿಲ್ಲ. ಇದು ಕೇಳತೈತಿ, ಮತ್ತ ಸುಮ್ಕಿರತೈತಿ ನೋಡ್ರಿ.’ ನಾನು ಆ ಮಾತನ್ನು ಬರೆದುಕೊಂಡೆ. ಎಲ್ಲಾದರೂ ಭಾಷಣದಲ್ಲಿ ಬಳಸಿಕೊಳ್ಳಬಹುದು ಎಂದು. ಇದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ.

ಆ ಪೆಟ್ಟಿಗೆಯಲ್ಲಿ ಒಂದು ಗುಟ್ಟಿತ್ತು. ಅವಳ ಸ್ವಂತ ಮೈಗೆ ಸಂಬಂಧಿಸಿದ, ಗಂಡನ ಮನೆಯವರಿಗೆ ತಿಳಿಸದೆ ಅವಳೊಬ್ಬಳೇ ತೆಗೆದುಕೊಂಡ ಒಂದು ತೀರ್ಮಾನ. ತವರಿಗೆ ಹೋಗುತ್ತೇನೆ ಎಂದು ಹೇಳಿ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಜೊತೆಗೆ ಹೋಗಿ, ಕೈ ಹಿಡಿದು ಕೂತು, ಕರೆದುಕೊಂಡು ಬಂದವಳು ಗಿರಿಜಾ. ಗಿರಿಜಾ ಬಿಟ್ಟರೆ ಈ ಲೋಕದಲ್ಲಿ ಆ ವಿಷಯ ಗೊತ್ತಿದ್ದದ್ದು ಆ ಪೆಟ್ಟಿಗೆಗೆ ಮಾತ್ರ.

ಆಮೇಲೆ ಆ ದಿನ ಬಂತು. ‘ಅಕ್ಕಾ, ಜಲ್ದಿ ಬರ್ರಿ’ ಎಂದು ಹುಲಿಗೆಮ್ಮ ಫೋನು ಮಾಡಿದಳು. ಹೋದಾಗ ಮಧ್ಯಾಹ್ನದ ಬಿಸಿಲು. ಒಳಗಿನಿಂದ ಅತ್ತೆಯ ಮಾತು ಕೇಳುತ್ತಿತ್ತು, ಬೈಗುಳ ಅನ್ನುವುದಕ್ಕಿಂತ ಅಳುವಿನ ಹಾಗೆ. ಹುಲಿಗೆಮ್ಮ ಹಿತ್ತಲಲ್ಲಿ, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತಿದ್ದಳು. ಅತ್ತೆಗೆ ಎಲ್ಲ ತಿಳಿದುಹೋಗಿತ್ತು. ಯಾರು ಹೇಳಿದರು ಅಂದರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ.

‘ಅಕ್ಕಾ, ನನ್ನ ಪೆಟಿಗಿ ಯಾರರ ತಗದಾರೇನ್ರಿ?’

ಅವಳು ಕೇಳಿದ್ದು ಇಷ್ಟೇ. ನನ್ನ ಕಿವಿಯಲ್ಲಿ ಮಹಬೂಬನ ಮಾತು ಗುಂಯ್‌ಗುಟ್ಟಿತು. ಇನ್ನೊಂದು ಯೋಚನೆಗೆ ಎಡೆಯೇ ಇರಲಿಲ್ಲ, ಏನಾಗಿದೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ‘ತೆಗೆದಿರಬಹುದು, ತಪ್ಪು ನನ್ನದು’ ಅನ್ನಬೇಕಿತ್ತು. ಮೂರು ಪದ. ಆದರೆ ನನ್ನ ಕಣ್ಣ ಮುಂದೆ ಬಂದದ್ದು — ಬಸ್ಸಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ‘ಓಣಿ’ಯನ್ನು ಅಳಿಸುವುದು, ನಮ್ಮ ಕೋಣೆಗೆ ಬೀಗ ಬೀಳುವುದು, ಹಂಪಿಯಲ್ಲಿ ನಾನು ಮಾಡಬೇಕಿದ್ದ ಭಾಷಣ. ಹೌದು, ಭಾಷಣವೂ.

‘ಇಲ್ಲ ಬಿಡು’ ಅಂದೆ. ‘ಅದು ಆಗೋ ಮಾತೇ ಅಲ್ಲ. ನಮ್ಮ ಕೈಲೇ ತಗಿಯಾಕ ಬರಂಗಿಲ್ಲ. ನೀನ ಯಾರಿಗರ ಹೇಳಿರಬೇಕು ನೋಡು.’

ಅವಳು ಒಂದು ಒದ್ದೆ ಸೀರೆಯ ಅಂಚನ್ನು ಹಿಡಿದುಕೊಂಡಿದ್ದಳು. ‘ಗಿರಿಜಕ್ಕಗ ಬಿಟ್ರ ಯಾರಿಗೂ ಹೇಳಿಲ್ರಿ’ ಅಂದಳು. ಆ ಹೆಸರು ಅವಳ ಬಾಯಿಂದ ಬಂದು, ಅವಳಿಗೇ ಕೇಳಿಸಿ, ಮೆಲ್ಲಗೆ ಒಳಗಿಳಿಯುವುದನ್ನು ನಾನು ನಿಂತು ನೋಡಿದೆ. ಗಿರಿಜಾಳ ಹೆಸರನ್ನು ನಾನು ಎತ್ತಲಿಲ್ಲ — ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಎತ್ತಲಿಲ್ಲ ನಿಜ. ಬೇರೆ ಯಾವ ಹೆಸರಿಗೂ ಜಾಗ ಇಲ್ಲದ ಹಾಗೆ ಮಾಡಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಕಡೆ, ನೆಲದ ಮೇಲೆ ಕೂತವಳನ್ನೇ ಡೊಂಕು ಅಂದೆ.

ಬಸ್ಸಿಗೆ ನಿಂತಿದ್ದಾಗ ಹುಲಿಗೆಮ್ಮನ ನಾದಿನಿ ಓಡಿ ಬಂದಳು. ಅತ್ತು ಕಣ್ಣು ಕೆಂಪಗಿತ್ತು. ‘ನಾ ಬೇಕಂತ ಮಾಡ್ಲಿಲ್ರಿ ಅಕ್ಕಾ’ ಎಂದು ಶುರುಮಾಡಿದಳು. ಅತ್ತಿಗೆಯ ಪೆಟ್ಟಿಗೆಯ ನಕಲು ಅವಳ ಫೋನಿನಲ್ಲಿತ್ತು. ಸುಮ್ಮನೆ ತಮಾಷೆಗೆ, ಅತ್ತಿಗೆ ಹೇಗೆ ಎಳೆದೆಳೆದು ಹೇಳುತ್ತಾಳೋ ಹಾಗೆ ಅಣಕ ಮಾಡಿ, ಫೋನಿನ ಮುಂದೆ ಆ ಒಡಪು ಹೇಳಿದ್ದಳು. ಚಿಕ್ಕಂದಿನಿಂದ ಎಷ್ಟು ಮದುವೆ, ಎಷ್ಟು ಸೀಮಂತದಲ್ಲಿ ಕೇಳಿದ್ದಳೋ. ‘ಪೆಟಿಗಿ ತೆರಕೊಂತ್ರಿ. ಕೇಳಿ ಸುಮ್ಕಿರಬೇಕಿತ್ತು. ಅವ್ವಗ ಹೇಳಿಬಿಟ್ಟೆ. ಹೆಂಗ ಗೊತ್ತಾತು ಅಂದ್ರ ಯಾರೋ ಅಂತಿದ್ರು ಅಂದೆ.’ ಅವಳಿಗೆ ಆಗ ಗಂಡು ನೋಡುತ್ತಿದ್ದರು.

ಅಲ್ಲಿಂದ ಹುಲಿಗೆಮ್ಮನ ಮನೆ ಕಾಣುತ್ತಿತ್ತು. ಹಿತ್ತಲಿನ ಬಟ್ಟೆಗಳೂ ಕಾಣುತ್ತಿದ್ದವು. ತಿರುಗಿ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳದೆ, ನಾದಿನಿಗೆ ‘ಆತು, ಅಳಬ್ಯಾಡ. ಯಾರ ಮುಂದೂ ಹೇಳಬ್ಯಾಡ. ನಾ ನೋಡ್ಕೊಂತೀನಿ’ ಅಂದೆ. ಬಸ್ಸು ಬಂತು, ಹತ್ತಿದೆ. ಸೀಟು ಸಿಕ್ಕಿತು, ಕೂತೆ. ಟಿಕೆಟು ತೆಗೆದುಕೊಂಡೆ. ಎಲ್ಲವನ್ನೂ ಮಾಮೂಲಿ ದಿನದ ಹಾಗೆಯೇ ಮಾಡಿದೆ.

ನಾನು ನೋಡಿಕೊಂಡದ್ದು ಹೀಗೆ. ಮಹಬೂಬನಿಗೆ ಹೇಳಿ ಒಡಪಿನ ಕೀಲಿಕೈ ಬದಲಾಯಿಸಿದೆ. ಇನ್ನು ಮೇಲೆ ಹೊಸದು ಕಟ್ಟಲೇಬೇಕು, ಅದೂ ಸ್ವಂತ ಫೋನಿನಲ್ಲೇ ಹೇಳಬೇಕು. ಹೊಸ ಆವೃತ್ತಿ ಕಳಿಸುವಾಗ ಏನು ಬದಲಾಗಿದೆ ಅಂತ ಎರಡು ಸಾಲು ಬರೆಯುವುದು ರೂಢಿ. ನಾನು ಬರೆದೆ: ‘ಸಣ್ಣಪುಟ್ಟ ಸುಧಾರಣೆಗಳು.’ ಮಹಬೂಬ ಅದನ್ನು ಓದಿ, ‘ಅಕಿಗೆ ಹೇಳಿಬಿಡ್ರಿ ಅಕ್ಕಾ’ ಅಂದ. ಹೇಳ್ತೀನಿ ಅಂದೆ. ಅವನು ಮತ್ತೆ ಕೇಳಲಿಲ್ಲ. ಆದರೆ ಆಮೇಲೆ ಅವನು ಗೋಡೆಯ ಮೇಲಿನ ನನ್ನ ಬರಹದ ಕಡೆ ಬೆನ್ನು ಹಾಕಿ ಕೂರತೊಡಗಿದ. ಬೆಳಕಿಗೆ ಹಾಗೆ ಕೂತಿದ್ದನೋ ಏನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ನನ್ನದು.

ಹಂಪಿಯಲ್ಲಿ ಭಾಷಣವೂ ಆಯಿತು. ಕಮಲಾಪುರದ ದಾರಿಯ ಒಂದು ಸಭಾಂಗಣ. ಬೇರೆ ಬೇರೆ ಊರಿನಿಂದ ನನ್ನ ಕಸುಬಿನವರೇ ಬಂದಿದ್ದರು. ಒಡೆಯನಿಲ್ಲದ ಜಾಲಕ್ಕೆ ಎಂಥ ವಿನ್ಯಾಸ ಬೇಕು ಎಂದು ನಾನು ಹೇಳಿದೆ. ಜನರಿಗೆ ಅವರ ಮಾತೇ ಕೀಲಿಕೈಯಾಗಲಿ, ಏನು ನಡೆಯುತ್ತಿದೆ ಅನ್ನುವುದನ್ನು ಅವರಿಂದ ಮುಚ್ಚಿಡಬೇಡಿ, ತಪ್ಪಾದರೆ ಹೊಣೆ ನಮ್ಮದಿರಲಿ. ಹುಲಿಗೆಮ್ಮನ ಗೋಡೆಯ ಮಾತನ್ನೂ ಹೇಳಿದೆ. ಚಪ್ಪಾಳೆ ಬಿತ್ತು. ಒಬ್ಬರು ಎದ್ದು, ಬಳಸುವವರಿಂದ ದೂರೇನಾದರೂ ಬಂತೇ ಎಂದು ಕೇಳಿದರು. ‘ಇಲ್ಲ’ ಅಂದೆ. ಅದು ನಿಜವೇ. ಅವಳು ದೂರು ಕೊಟ್ಟಿರಲಿಲ್ಲ, ಕೇಳಿದ್ದಳು ಅಷ್ಟೆ.

ಸಂಜೆ ಹೊಳೆಯ ದಂಡೆಗೆ ಹೋಗಿ ಬಂಡೆಯ ನೆರಳಲ್ಲಿ ಕೂತೆ. ಕಲ್ಲು ಇನ್ನೂ ಬೆಚ್ಚಗಿತ್ತು. ಹಾಗೇ ಜೊಂಪು ಹತ್ತಿತು. ಆ ಅರೆನಿದ್ದೆಯಲ್ಲಿ, ಕಣ್ಣು ಹಾಯುವವರೆಗೂ ಇದ್ದ ಕಲ್ಲುಗುಂಡುಗಳೆಲ್ಲ ಪೆಟ್ಟಿಗೆಗಳಾಗಿದ್ದವು. ಮುಚ್ಚಿದ ಪೆಟ್ಟಿಗೆಗಳು. ಒಂದೊಂದರೊಳಗಿಂದಲೂ ಒಬ್ಬೊಬ್ಬ ಹೆಂಗಸು ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಅವುಗಳ ನಡುವೆ ನಡೆಯುತ್ತಿದ್ದೆ, ಯಾವುದನ್ನೂ ಮುಟ್ಟದೆ. ಒಂದರ ಹತ್ತಿರ ಹೋದಾಗ ಮಾತು ನಿಂತಿತು. ಒಳಗಿದ್ದವಳು ನನ್ನ ಹೆಜ್ಜೆಯ ಸಪ್ಪಳ ಕೇಳಿ ಉಸಿರು ಬಿಗಿ ಹಿಡಿದಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಎಚ್ಚರವಾದಾಗ ತೆಪ್ಪದವರು ಆಚೆ ದಡದಿಂದ ಯಾರನ್ನೋ ಕೂಗುತ್ತಿದ್ದರು. ಆ ಕನಸು ಈಗಲೂ ಬರುತ್ತದೆ.

ಹುಲಿಗೆಮ್ಮನ ಮನೆಯ ಬಿರುಗಾಳಿ ನಾನು ಹೆದರಿದಷ್ಟು ದಿನ ಇರಲಿಲ್ಲ. ಈರಣ್ಣ ಕೆಲವು ದಿನ ಮಾತು ಬಿಟ್ಟಿದ್ದ. ಆಮೇಲೆ ಒಂದು ದಿನ ತಾನಾಗಿಯೇ ಅವಳ ಪರವಾಗಿ ತಾಯಿಯ ಮುಂದೆ ನಿಂತನಂತೆ. ‘ಆದದ್ದಾತು, ಇರೋ ಮಕ್ಕಳು ಚೆನ್ನಾಗಿರಲಿ’ ಎಂದು ಅತ್ತೆಯೂ ಸುಮ್ಮನಾದಳು. ಮುರಿದದ್ದು ಕೂಡಿಕೊಳ್ಳಲಿಲ್ಲ ಅಂದರೆ ಅದು ಗಿರಿಜಾಳದೊಂದೇ. ಹುಲಿಗೆಮ್ಮ ಅವಳ ಜೊತೆ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮಾತು ನಿಲ್ಲಿಸಿದಳು, ಬಸ್ಸಿನಲ್ಲಿ ಸೀಟು ಬದಲಿಸಿದಳು. ಗಿರಿಜಾ ಒಲೆ ಬೇರೆ ಮಾಡಿಕೊಂಡಳು. ಮುಂದಿನ ವರ್ಷ ಅವಳ ಗಂಡನಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಅತ್ತ ಹೋದರು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಾನು ‘ಅಯ್ಯೋ, ಹೌದಾ’ ಅನ್ನುತ್ತಿದ್ದೆ.

ವರ್ಷಗಳು ಹೋದವು. ಕಳೆದ ತಿಂಗಳು ಕಂಪ್ಲಿಯಲ್ಲಿ ಗಿರಣಿಯ ಹೆಂಗಸರಿಗೆ ‘ಓಣಿ’ ಹಾಕಿಕೊಡಲು ಹೋಗಿದ್ದೆ. ಮಧ್ಯಾಹ್ನದ ಬಿಡುವು. ಹೊಟ್ಟಿನ ರಾಶಿಯ ಪಕ್ಕ, ನೆರಳಿನಲ್ಲಿ ಎಲ್ಲರೂ ಫೋನು ಹಿಡಿದು ಸುತ್ತ ಕೂತಿದ್ದರು. ಗಾಳಿಯಲ್ಲಿ ಹೊಟ್ಟಿನ ಪುಡಿ ತೇಲುತ್ತಿತ್ತು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಒಬ್ಬಳು ಮಾತ್ರ ದೂರ ಕೂತು ಚೀಲ ಹೊಲಿಯುತ್ತಿದ್ದಳು. ಗಿರಿಜಾ. ಗುರುತು ಹಿಡಿದು ನಕ್ಕಳು. ಸೊರಗಿದ್ದಳು. ‘ನೀನೂ ಬಾ, ಹಾಕಿಕೊಡ್ತೀನಿ’ ಅಂದೆ. ಏನು ಧೈರ್ಯ ನನ್ನದು.

‘ನನಗ ಬ್ಯಾಡ್ರಿ ಅಕ್ಕಾ’ ಅಂದಳು. ‘ನನ್ನ ಬಾಯಿ ಸರಿ ಇಲ್ಲ.’

ಅವಳು ಅದನ್ನು ಹೇಳಿದ್ದು ನೋವಿನಿಂದಲ್ಲ, ಕಾಲು ಸರಿ ಇಲ್ಲ ಅನ್ನುವ ಹಾಗೆ. ನನಗೆ ಅರ್ಥವಾಗಲಿಲ್ಲ. ಹತ್ತಿರ ಹೋಗಿ ಕೂತೆ. ಸೂಜಿ ನಿಲ್ಲಿಸದೆ ಅವಳು ಹೇಳುತ್ತ ಹೋದಳು.

‘ಮೊದಲ ಆಣಿ ಮಾಡಿ ಹೇಳಿದ್ನಿರಿ, ನಾ ಹೇಳಿಲ್ಲ ಅಂತ. ಹುಲಿಗಿ ಅಂದ್ಲು, ಸುಜಾತಕ್ಕ ಹೇಳ್ಯಾರ, ಫೋನಿನಿಂದ ಹೋಗಿಲ್ಲ, ಬಾಯಿಂದ ಹೋಗೈತಿ ಅಂತ. ಓದಿದವರು ನೋಡಿ ಹೇಳ್ಯಾರ, ಮಿಷನ್ ಸುಳ್ಳ ಹೇಳಂಗಿಲ್ಲ. ಆಮ್ಯಾಲ ಕುಂತು ಕುಂತು ವಿಚಾರ ಮಾಡಿದೆ. ನಾನ ಎಲ್ಲ್ಯೋ ಹೇಳಿರಬೇಕ್ರಿ. ನಿದ್ದಿಗಣ್ಣಾಗ ಹೇಳಿದ್ನೋ, ಜ್ವರದಾಗ ಬಡಬಡಿಸಿದ್ನೋ. ಒಂದೊಂದ ಸರ್ತಿ ಹೇಳಿದ್ದು ನೆನಪಾದಂಗೂ ಆಗತೈತಿ. ಈಗ ಯಾರರ ಏನರ ಹೇಳಾಕ ಬಂದ್ರ, ನನ್ನ ಮುಂದ ಬ್ಯಾಡವ್ವ ಅಂತೀನಿ.’

ನನ್ನ ಮಾತು ಅವರಿಬ್ಬರನ್ನು ಅಗಲಿಸಿದೆ ಅಂತಷ್ಟೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಇವಳನ್ನು ಇವಳಿಂದಲೇ — ಹೇಗೆ ಬರೆಯಲಿ? ಆಡದ ಮಾತನ್ನು ಆಡಿದೆ ಎಂದು ನಂಬಿ, ತನ್ನ ನಿದ್ದೆಗೂ ಹೆದರಿ, ಯಾರ ಕಷ್ಟವನ್ನೂ ಕೇಳಿಸಿಕೊಳ್ಳದೆ ಈ ಹೆಂಗಸು ಬದುಕಿದ್ದಳು. ಒಬ್ಬಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದವಳು.

ಅಲ್ಲೇ ಹೇಳಿದೆ. ಒಡಪು ಕೀಲಿಕೈಯಾದದ್ದು, ನಾನು ಅಳಿಸಿದ ಸಾಲು, ಹಿತ್ತಲಲ್ಲಿ ನಾನಾಡಿದ ಸುಳ್ಳು. ಪೆಟ್ಟಿಗೆ ತೆರೆದದ್ದು ಯಾರು ಅನ್ನುವುದನ್ನು ಬಿಟ್ಟು ಎಲ್ಲವನ್ನೂ. ಅವಳ ಸೂಜಿ ನಿಂತಿತು.

‘ಹಂಗಾರ ನಾ ಹೇಳಿಲ್ಲ?’ ಅಂದಳು.

‘ಇಲ್ಲ.’

‘ಖರೇನ?’

‘ಖರೇನ.’

ಗಿರಣಿಯ ಸದ್ದು ಮತ್ತೆ ಶುರುವಾಯಿತು. ಅವಳು ದಾರ ಕಡಿದು ಚೀಲ ಮಡಿಸಿಟ್ಟಳು. ಬಯ್ಯಲಿಲ್ಲ. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ, ಅದನ್ನೂ ನನಗೆ ಕೊಡಲಿಲ್ಲ. ಎದ್ದು ಸೀರೆ ಕೊಡವಿಕೊಂಡು, ‘ನನಗ ಹೇಳಿದ್ರಿ, ಆತು. ಅಕಿಗೆ ಹೇಳ್ರಿ. ಫೋನಿನಾಗ ಬ್ಯಾಡ, ಹೋಗಿ ಹೇಳ್ರಿ’ ಅಂದಳು. ‘ನೀನೂ ಬಾ’ ಅಂದೆ. ‘ನಾ ಯಾಕ ಬರ್ಲಿ?’ ಎಂದು ಒಳಗೆ ಹೋದಳು. ಅವಳು ಕೇಳಿದ್ದು ಸರಿಯೇ ಇತ್ತು.

ಆವತ್ತಿನಿಂದ ಎರಡು ಸಲ ಪಾಪಿನಾಯಕನಹಳ್ಳಿಗೆ ಹೋಗಿ ಬಂದಿದ್ದೇನೆ. ಹೇಳಿಲ್ಲ. ಹೋದ ಕೂಡಲೇ ಹುಲಿಗೆಮ್ಮ ‘ಬರ್ರಿ ಅಕ್ಕಾ, ಕುಂದ್ರಿ’ ಅನ್ನುತ್ತಾಳೆ, ಚಾಪೆ ಹಾಸುತ್ತಾಳೆ. ಕೂತರೆ ಚಹಾ ಬರುತ್ತದೆ. ಚಹಾ ಬಂದರೆ ಮಕ್ಕಳ ಸ್ಕೂಲಿನ ಮಾತು, ಗಣಿ ಕೆಲಸದ ಮಾತು. ಹೊತ್ತು ಸರಿಯುತ್ತದೆ, ಬಸ್ಸು ಬರುತ್ತದೆ. ಅವಳು ನನ್ನನ್ನು ಇನ್ನೂ ನಂಬುತ್ತಾಳೆ ಅನ್ನುವುದು ಆ ಚಾಪೆಯ ಮೇಲೆ ಕೂತಾಗ ಎಷ್ಟು ಹಿತವಾಗಿರುತ್ತದೆ ಅಂದರೆ — ಅದನ್ನು ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಇದು ಅಚ್ಚಾಗಬೇಕೋ ಬೇಡವೋ ಹುಲಿಗೆಮ್ಮನೂ ಅವಳ ನಾದಿನಿಯೂ ಹೇಳಬೇಕು. ನಾಳೆ ಬೆಳಿಗ್ಗೆ ಹುಲಿಗೆಮ್ಮನಲ್ಲಿಗೆ ಹೋಗುತ್ತೇನೆ. ನಾದಿನಿಯ ಹೆಸರು ಎತ್ತುವುದಿಲ್ಲ. ಆ ಮಾತು ಆಡುವುದು ಬಿಡುವುದು ನಾದಿನಿಗೆ ಸೇರಿದ್ದು, ಯಾರ ಮುಂದೂ ಹೇಳಬ್ಯಾಡ ಎಂದು ನಾನು ಅವಳ ಬಾಯಿಗೆ ಹಾಕಿದ ಬೀಗವನ್ನಂತೂ ಮೊನ್ನೆ ಅವಳನ್ನು ಕಂಡು ತೆಗೆದು ಬಂದಿದ್ದೇನೆ. ಹುಲಿಗೆಮ್ಮ ಕೇಳುವುದು ಒಂದೇ ಇರಬಹುದು: ಅವತ್ತ ಯಾಕ ಹೇಳಲಿಲ್ಲ ಅಕ್ಕಾ? ಅದಕ್ಕೆ ಉತ್ತರವಿದೆ, ಚಂದದ ಉತ್ತರವಲ್ಲ. ಅವತ್ತು ನನಗೆ ನಿನಗಿಂತ, ಗಿರಿಜಾಗಿಂತ, ನನ್ನ ಹೆಸರು ದೊಡ್ಡದಾಗಿತ್ತು. ಅದನ್ನೇ ಹೇಳುತ್ತೇನೆ. ಅವಳು ಕುಂದ್ರಿ ಅಂದರೂ ಕೂರುವುದಿಲ್ಲ.